ನಮ್ಮಪ್ಪ ಹೊಡೆದ ರಿವೆಟ್ಟು, ಸುರಂಜನ್ ದಾಸ್ ಕೂತ ವಿಮಾನ

(ಜೂನ್ 17ಕ್ಕೆ ನಮ್ಮ ಏರಿಯಾದವರೆಲ್ಲ ಸೇರಿ ಸುರಂಜನ್ ದಾಸ್ ಅವರ ನೆನಪಿಗೆ ಒಂದು ಕಾರ್ಯಕ್ರಮ ಮಾಡಿದ್ವಿ, ಅಲ್ಲಿ ನಾನು ಮಾತಾಡಿದ್ದು ಇದು. ಮಳೆ ಬಂತು ಅಂತ ಅವತ್ತು ಕೆಲವು ವಿಷಯ ಬಿಟ್ಟಿದ್ದೆ, ಬರ್ದು ಕೊಡಿ ಮೇಡಂ ಅಂತ ತುಂಬಾ ಜನ ಕೇಳಿದ್ರು, ಬಿಟ್ಟಿದ್ದನ್ನೂ ಸೇರ್ಸಿ ಬರ್ದಿದೀನಿ.)

ಎಲ್ಲರಿಗೂ ನಮಸ್ಕಾರ. ನಾನು ಇಂಜಿನಿಯರ್ ಅಲ್ಲ, ಏರ್‌ಫೋರ್ಸ್‌ನವಳೂ ಅಲ್ಲ, ಮೂವತ್ತು ವರ್ಷ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳ್ಕೊಟ್ಟು ರಿಟೈರ್ ಆದವಳು. ಆದ್ರೆ ನಮ್ಮಪ್ಪ ಎಚ್‌ಎಎಲ್ ವಿಮಾನ ಫ್ಯಾಕ್ಟರಿಯಲ್ಲಿ ರಿವೆಟರ್, ಅಂದ್ರೆ ವಿಮಾನದ ತಗಡು ಜೋಡಿಸೋರು ಆಗಿದ್ರು, ನಾನು ಹುಟ್ಟಿ ಬೆಳೆದಿದ್ದು ಬೆಂಗಳೂರಿನ ಇದೇ ವಿಮಾನಪುರದ ಸುತ್ತಮುತ್ತ, ಫ್ಯಾಕ್ಟರಿ ಸೈರನ್ ಕೇಳಿ ಅಮ್ಮ ಒಲೆ ಮೇಲೆ ಅನ್ನಕ್ಕೆ ಇಡ್ತಿದ್ದ ಕಾಲ ಅದು. ಆ ಹಕ್ಕಲ್ಲಿ ಇವತ್ತು ಎರಡು ಮಾತು.

ಸುರಂಜನ್ ದಾಸ್ ಅನ್ನೋ ಹೆಸರನ್ನ ನಾವು ದಿನಕ್ಕೆ ಎಷ್ಟು ಸಲ ಹೇಳ್ತೀವಿ ಲೆಕ್ಕ ಹಾಕಿ. ಆಟೋದವರಿಗೆ ಹೇಳ್ತೀವಿ, ಡೆಲಿವರಿ ಹುಡುಗ ಫೋನ್ ಮಾಡಿದ್ರೆ ಹೇಳ್ತೀವಿ, ಸಂಜೆ ಆರು ಗಂಟೆ ಆದ್ರೆ ಸುರಂಜನ್ ದಾಸ್ ರೋಡ್ ಪೂರ್ತಿ ಜಾಮ್ ಅಂತ ಒಬ್ಬರಿಗೊಬ್ಬರು ಹೇಳ್ಕೋತೀವಿ. ಹೋದ ತಿಂಗಳು ಪಕ್ಕದ ಮನೆ ಹುಡುಗನ್ನ ಕೇಳಿದೆ, ಯಾರಪ್ಪ ಈ ಸುರಂಜನ್ ದಾಸ್ ಅಂತ, ಅವನು ಒಂದು ನಿಮಿಷ ಯೋಚ್ನೆ ಮಾಡಿ ಸ್ವಾತಂತ್ರ್ಯ ಹೋರಾಟಗಾರರು ಇರ್ಬೇಕು ಆಂಟಿ ಅಂದ. ಅವನ ತಪ್ಪಲ್ಲ, ನಾವ್ಯಾರೂ ಅವನಿಗೆ ಹೇಳೇ ಇಲ್ಲ. ನಮ್ಮ ಕಡೆ ರೋಡುಗಳ ಹೆಸರು ನೋಡಿದ್ರೇನೇ ಅರ್ಧ ಇತಿಹಾಸ ಸಿಗುತ್ತೆ, ಮುರುಗೇಶಪಾಳ್ಯದಲ್ಲಿ ವಿಂಡ್ ಟನಲ್ ರೋಡ್ ಇದೆ, ಅಲ್ಲಿ ವಿಮಾನ ಸಂಶೋಧನೆ ಮಾಡೋ ಎನ್‌ಎಎಲ್‌ನವರ ವಿಂಡ್ ಟನಲ್, ಅಂದ್ರೆ ವಿಮಾನದ ಮಾಡೆಲ್ ಮೇಲೆ ಗಾಳಿ ಬಿಟ್ಟು ಪರೀಕ್ಷೆ ಮಾಡೋ ಸುರಂಗ ಇದೆ ಅದಕ್ಕೇ ಆ ಹೆಸರು, ವಿಮಾನಪುರ ಅನ್ನೋದಂತೂ ಬಿಡಿಸಿ ಹೇಳೋದೇ ಬೇಡ. ಇದು ಮಾತ್ರ ಒಬ್ಬ ಮನುಷ್ಯನ ಹೆಸರು. ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್, ಎಚ್‌ಎಎಲ್‌ನ ಚೀಫ್ ಟೆಸ್ಟ್ ಪೈಲಟ್, ಅಂದ್ರೆ ಹೊಸ ವಿಮಾನಗಳನ್ನ ಹಾರಿಸಿ ಪರೀಕ್ಷೆ ಮಾಡೋರ ಮುಖ್ಯಸ್ಥರು. ಭಾರತದಲ್ಲೇ ಡಿಸೈನ್ ಮಾಡಿ ಕಟ್ಟಿದ ಮೊದಲನೇ ಜೆಟ್ ಫೈಟರ್ ವಿಮಾನವನ್ನ ಮೊದಲನೇ ಸಲ ಆಕಾಶಕ್ಕೆ ತಗೊಂಡು ಹೋದವರು, ಇಲ್ಲಿಂದ, ಈ ಶಾಮಿಯಾನದಿಂದ ನಡ್ಕೊಂಡು ಹೋಗೋ ದೂರದಲ್ಲಿರೋ ರನ್‌ವೇಯಿಂದ, 1961ನೇ ಇಸವಿ ಜೂನ್ 17ರಂದು.

ಅದಕ್ಕಿಂತ ಮುಂಚಿನ ಕತೆ ಬೇಗ ಹೇಳ್ತೀನಿ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅನ್ನೋ ಉದ್ಯಮಿ ಮೈಸೂರು ಸಂಸ್ಥಾನದ ಜೊತೆ ಸೇರಿ ಇಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಅಂದ್ರೆ ಈಗಿನ ಎಚ್‌ಎಎಲ್ ಶುರು ಮಾಡಿದ್ರು. ಯುದ್ಧದ ಟೈಮಲ್ಲಿ ಅಮೆರಿಕದವರ ವಿಮಾನ ರಿಪೇರಿ ಮಾಡಿದ್ರು, ಯುದ್ಧ ಮುಗಿದ ಮೇಲೆ ಕೆಲಸ ಇಲ್ಲದೆ ರೈಲ್ವೆ ಬೋಗಿ ಕಟ್ಟಿದ್ರು, ಬಸ್ ಬಾಡಿ ಕಟ್ಟಿದ್ರು, ಹಳಬರಿಗೆ ಇದೆಲ್ಲ ನೆನಪಿರುತ್ತೆ. 1951ರಲ್ಲಿ ಘಾಟಗೆ ಅವರು ಡಿಸೈನ್ ಮಾಡಿದ ಎಚ್‌ಟಿ-2 ಅನ್ನೋ ಎರಡು ಸೀಟಿನ ಟ್ರೈನರ್ ಹಾರಿತು. ವಿ. ಎಂ. ಘಾಟಗೆ ಅಂದ್ರೆ ಜರ್ಮನಿಯ ಗೊಟ್ಟಿಂಗನ್‌ನಲ್ಲಿ, ಗಾಳಿಯ ಹರಿವಿನ ವಿಜ್ಞಾನದಲ್ಲಿ ದೊಡ್ಡ ಹೆಸರಾದ ಪ್ರಾಂಟ್ಲ್ ಅವರ ಹತ್ರ ಪಿಎಚ್‌ಡಿ ಮಾಡ್ಕೊಂಡು ಬಂದವರು, ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದ್ರೆ ಐಐಎಸ್‌ಸಿಯಲ್ಲಿ ಏರೋನಾಟಿಕಲ್ ವಿಭಾಗ ಶುರುವಾಗಿದ್ದೇ ಅವರಿಂದ, ಅವರದ್ದೇ ಒಂದು ದಿನದ ಕಾರ್ಯಕ್ರಮ ಬೇರೆ ಮಾಡ್ಬೇಕು, ಇವತ್ತು ಆಗಲ್ಲ. ನಮ್ಮಪ್ಪ ಅಪ್ರೆಂಟಿಸ್ ಆಗಿ ಸೇರಿದ್ದು ಆ ಎಚ್‌ಟಿ-2 ದಿನಗಳಲ್ಲಿ.

ಆಮೇಲೆ 1956ರಲ್ಲಿ ಕರ್ಟ್ ಟ್ಯಾಂಕ್ ಬಂದ್ರು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಗೆ ಫೋಕ್‌ವುಲ್ಫ್ 190 ಅನ್ನೋ ಫೈಟರ್ ವಿಮಾನ ಡಿಸೈನ್ ಮಾಡಿದ್ದ ಮನುಷ್ಯ, ಯುದ್ಧ ಆದ್ಮೇಲೆ ಅರ್ಜೆಂಟೀನಾಗೆ ಹೋಗಿ ಅಲ್ಲಿಂದ ನೆಹರೂ ಕಾಲದಲ್ಲಿ ಬೆಂಗಳೂರಿಗೆ ಬಂದ್ರು, ಜೊತೆಗೆ ಕೆಲವು ಜರ್ಮನ್ ಇಂಜಿನಿಯರ್‌ಗಳು. ಏರ್‌ಫೋರ್ಸ್‌ನವರು ಕೇಳಿದ್ದು ಸಣ್ಣ ವಿಷಯ ಅಲ್ಲ, ಶಬ್ದದ ಎರಡು ಪಟ್ಟು ವೇಗದಲ್ಲಿ ಹೋಗೋ ಫೈಟರ್ ಬೇಕು ಅಂತ. ನೆನಪಿಟ್ಕೊಳ್ಳಿ, ಅಲ್ಲಿವರೆಗೆ ಇಲ್ಲಿ ಸ್ವಂತವಾಗಿ ಡಿಸೈನ್ ಮಾಡಿ ಕಟ್ಟಿದ್ದು ಪ್ರೊಪೆಲ್ಲರ್ ತಿರುಗೋ ಟ್ರೈನರ್.

ಈಗ ನಮ್ಮಪ್ಪ ಊಟಕ್ಕೆ ಕೂತಾಗ ಪದೇ ಪದೇ ಹೇಳ್ತಿದ್ದ ಒಂದು ವಿಷಯ, ನನಗೆ ಅದು ಇವತ್ತಿಗೂ ತುಂಬಾ ಇಷ್ಟ. ಜೆಟ್ ಕಟ್ಟೋಕೆ ಮುಂಚೆ ಅದೇ ಅಳತೆಯಲ್ಲಿ, ಅದೇ ಆಕಾರದಲ್ಲಿ ಮರದ ಗ್ಲೈಡರ್ ಒಂದನ್ನ ಕಟ್ಟಿದ್ರು. ಆಟದ ಮಾಡೆಲ್ ಅಲ್ಲ, ಪೂರ್ತಿ ಸೈಜು, ಮಡಚೋ ಚಕ್ರ, ರೆಕ್ಕೆಯ ಫ್ಲಾಪು ಎಲ್ಲ ಇತ್ತು, ಎಂಜಿನ್ ಒಂದು ಇರ್ಲಿಲ್ಲ. ಅದನ್ನ ಡಕೋಟಾ ವಿಮಾನಕ್ಕೆ ಹಗ್ಗ ಕಟ್ಟಿ ಎಳ್ಕೊಂಡು ಮೇಲಕ್ಕೆ ಹೋಗಿ ಬಿಟ್ಬಿಡ್ತಿದ್ರು, ಟೆಸ್ಟ್ ಪೈಲಟ್ ಅದನ್ನ ತೇಲಿಸ್ಕೊಂಡು ಬಂದು ಇಳಿಸ್ಬೇಕು. ಯಾಕೆ ಅಂದ್ರೆ ಇಷ್ಟು ಸಣ್ಣ, ಹಿಂದಕ್ಕೆ ವಾಲಿದ ರೆಕ್ಕೆ ಇಟ್ಕೊಂಡಿರೋ ವಿಮಾನ ನಿಧಾನಕ್ಕೆ ಹೋಗುವಾಗ ಹೇಗೆ ಆಡುತ್ತೆ, ಇಳಿಯುವಾಗ ಮೂಗು ಎತ್ತುತ್ತಾ ತಗ್ಗಿಸುತ್ತಾ, ಇದೆಲ್ಲ ಕಾಗದದ ಮೇಲೆ ಲೆಕ್ಕ ಹಾಕಿದ್ರೂ ಪೈಲಟ್‌ನ ಕೈಗೆ ಗೊತ್ತಾಗ್ಬೇಕಲ್ಲ. 1959ರಿಂದ 60ರ ಮಧ್ಯೆ ಹೀಗೆ 78 ಸಲ ಹಾರಿಸಿದ್ರು. ಎಂಜಿನ್ ಇಲ್ಲ, ಒಂದು ಸಲ ಇಳಿಯೋ ಲೆಕ್ಕ ತಪ್ಪಿದ್ರೆ ಮತ್ತೆ ಮೇಲಕ್ಕೆ ಹೋಗ್ತೀನಿ ಅನ್ನೋ ಹಾಗಿಲ್ಲ. ಮರದ ಕೆಲಸದವರು ಅದಕ್ಕೆ ಎಷ್ಟು ನಯ ಕೊಟ್ಟಿದ್ರು ಅಂದ್ರೆ ಮದುವೆ ಮನೆ ಮಂಟಪ ಕಣಮ್ಮಾ ಅಂತಿದ್ರು ಅಪ್ಪ.

ಆಮೇಲೆ ನಿಜವಾದ ಲೋಹದ ವಿಮಾನ. ಅಪ್ಪನ ಕೆಲಸ ಅಲ್ಲಿ ಬಂತು.

ರಿವೆಟ್ ಹೊಡೆಯೋದು ಅಂದ್ರೆ ಏನು ಅಂತ ಇಲ್ಲಿರೋ ಮಕ್ಕಳಿಗೆ ಗೊತ್ತಿರಲ್ಲ, ಸ್ವಲ್ಪ ಹೇಳ್ತೀನಿ. ವಿಮಾನದ ಮೈ ಅಂದ್ರೆ ಅಲ್ಯೂಮಿನಿಯಂ ಮಿಶ್ರಲೋಹದ ತೆಳು ತಗಡು, ಒಳಗಡೆ ಅಸ್ಥಿಪಂಜರ, ತಗಡನ್ನ ಅದಕ್ಕೆ ಹಿಡಿಸೋದು ರಿವೆಟ್ಟು. ಇಬ್ಬರ ಕೆಲಸ ಅದು. ಹೊರಗಡೆ ಒಬ್ಬರು ಗಾಳಿಯ ಗನ್ ಹಿಡ್ಕೊಂಡು ಹೊಡೀತಾರೆ, ಒಳಗಡೆ ಇನ್ನೊಬ್ಬರು ಡಾಲಿ ಅಂತ ಒಂದು ಕಬ್ಬಿಣದ ಗಟ್ಟಿ ಒತ್ತಿ ಹಿಡ್ಕೊಂಡಿರ್ತಾರೆ, ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಕಾಣಲ್ಲ, ತಟ್ಟಿ ತಟ್ಟಿ ಸನ್ನೆ ಮಾಡ್ಕೋಬೇಕು. ಕೆಲವು ಜಾತಿ ರಿವೆಟ್ಟುಗಳನ್ನ ಕಾಯಿಸಿ ಹದ ಮಾಡಿ ಆಮೇಲೆ ಫ್ರಿಜ್‌ನಲ್ಲಿ ಇಡ್ತಾರೆ, ಹೊರಗೆ ತೆಗೆದ್ರೆ ತಾನಾಗೇ ಗಟ್ಟಿ ಆಗೋಕೆ ಶುರು, ಅಷ್ಟರೊಳಗೆ ಹೊಡೆದು ಮುಗಿಸ್ಬೇಕು, ಲೇಟಾದ್ರೆ ಅದು ಒಡೆದುಹೋಗುತ್ತೆ. ಅಪ್ಪ ಮನೆಗೆ ಬಂದ್ರೆ ಬೆರಳ ತುದಿ ತಣ್ಣಗಿರುತ್ತೆ ಅಂತ ನಾನು ಚಿಕ್ಕವಳಿದ್ದಾಗ ನಂಬಿದ್ದೆ. ಇನ್ನು ಫೈಟರ್ ವಿಮಾನದ ಹೊರಮೈಗೆ ರಿವೆಟ್ಟಿನ ತಲೆ ಎದ್ದು ಕಾಣೋ ಹಾಗಿಲ್ಲ, ತಗಡಿನ ಸಮಕ್ಕೆ ಕೂರ್ಬೇಕು, ಯಾಕಂದ್ರೆ ಆ ವೇಗದಲ್ಲಿ ಒಂದೊಂದು ಉಬ್ಬೂ ಗಾಳಿಯನ್ನ ಕೆದಕುತ್ತೆ. ಹೊಡೆದಾದ್ಮೇಲೆ ಅಪ್ಪ ಉಗುರಿನ ಹಿಂಬದಿ ಸಾಲಿನ ಮೇಲೆ ಎಳೀತಿದ್ರಂತೆ, ಉಗುರು ಎಲ್ಲೂ ತಡೀಬಾರ್ದು. ಮನೇಲೂ ಅದೇ ಅಭ್ಯಾಸ, ಹೊಸ ಸ್ಟೀಲ್ ಡಬ್ಬ ತಂದ್ರೆ, ಬಾಗಿಲಿಗೆ ಮೊಳೆ ಹೊಡೆಸಿದ್ರೆ, ಮೊದ್ಲು ಉಗುರು ಎಳೆದು ನೋಡೋರು. ರಿಟೈರ್ ಆಗೋ ಹೊತ್ತಿಗೆ ಬಲಗಿವಿ ಕೇಳ್ತಿರ್ಲಿಲ್ಲ, ಆ ಗನ್ ಸದ್ದಿಗೆ.

ಇಂಥ ಸಾವಿರಾರು ರಿವೆಟ್ಟು, ನೂರಾರು ಕೈ. ಇಷ್ಟೂ ಜನ ಕಟ್ಟಿದ್ದರ ಒಳಗೆ ಕೊನೆಗೆ ಹೋಗಿ ಕೂರೋದು ಒಬ್ಬನೇ ಮನುಷ್ಯ. ನಾನು ಇವತ್ತು ಹೇಳ್ಬೇಕು ಅಂತ ಬಂದಿದ್ದು ಇದೊಂದೇ ನೋಡಿ. ಸುರಂಜನ್ ದಾಸ್ ಧೈರ್ಯವಂತರು ಅಂತ ಎಲ್ಲರೂ ಹೇಳ್ತಾರೆ, ಹೌದು, ಎರಡನೇ ಮಹಾಯುದ್ಧದ ಕಾಲದಿಂದ ಹಾರಿಸ್ತಿದ್ದವರು, ಇಂಗ್ಲೆಂಡಿನ ಎಂಪೈರ್ ಟೆಸ್ಟ್ ಪೈಲಟ್ಸ್ ಸ್ಕೂಲ್‌ನಲ್ಲಿ ಕಲಿತು ಬಂದವರು. ಆದ್ರೆ ಅಪ್ಪ ಧೈರ್ಯ ಅನ್ನೋ ಮಾತು ಯಾವತ್ತೂ ಆಡ್ಲಿಲ್ಲ. ನಾವು ಕಟ್ಟಿದ್ರಲ್ಲಿ ಅವರು ಕೂತ್ರು ಅಂತಿದ್ರು. ಅಷ್ಟೇ. ನಮ್ಮನ್ನ ನಂಬಿ ಕೂತ್ರು ಅಂತ ಅದರ ಅರ್ಥ. ಫಾರಿನ್‌ನಿಂದ ತರಿಸಿದ, ಆಗಲೇ ನೂರಾರು ಸಲ ಹಾರಿರೋ ವಿಮಾನ ಹಾರ್ಸೋದು ಬೇರೆ, ಕೆ.ಆರ್. ಪುರದಿಂದ, ಹಲಸೂರಿನಿಂದ, ದೊಮ್ಮಲೂರಿನಿಂದ ಸೈಕಲ್ ತುಳ್ಕೊಂಡು ಬರೋ ಜನ ಮೊದಲನೇ ಸಲ ಸ್ವಂತ ಡಿಸೈನ್‌ನಲ್ಲಿ ಕಟ್ಟಿದ ಜೆಟ್‌ನಲ್ಲಿ, ಅದು ಹಾರುತ್ತೆ ಅಂತ ಯಾರಿಗೂ ಕಣ್ಣಾರೆ ಗೊತ್ತಿಲ್ದೇ ಇರುವಾಗ ಬೆಲ್ಟ್ ಕಟ್ಕೊಂಡು ಕೂರೋದು ಬೇರೆ.

1961ರ ಜೂನ್ 17 ಶನಿವಾರ. ನನಗೆ ಆಗ ಐದು ವರ್ಷ, ನನಗೇನೂ ನೆನಪಿಲ್ಲ, ಅಪ್ಪ ಹೇಳಿದ್ದೇ ನೆನಪು. ನಿಮಗೆ ಗೊತ್ತಲ್ಲ ಜೂನ್‌ನಲ್ಲಿ ನಮ್ಮೂರಲ್ಲಿ ಪಡುವಣ ಗಾಳಿ ಹೇಗೆ ಬೀಸುತ್ತೆ, ಹಗ್ಗದ ಮೇಲಿನ ಬಟ್ಟೆ ನಿಲ್ಲಲ್ಲ, ಇವತ್ತು ಈ ಶಾಮಿಯಾನ ಪಟಪಟ ಅಂತಿದೆಯಲ್ಲ ಹಾಗೆ. ಆ ವಿಮಾನಕ್ಕೆ ಇಟ್ಟ ಹೆಸರು ಮಾರುತ್. ನಮ್ಮ ಕನ್ನಡದಲ್ಲಿ ಮಾರುತ ಅಂದ್ರೇನೇ ಗಾಳಿ, ನೈಋತ್ಯ ಮಾರುತ ಅಂತ ನಾಲ್ಕನೇ ಕ್ಲಾಸಲ್ಲೇ ಓದ್ತೀವಿ, ಮಾರುತ ಬೀಸೋ ತಿಂಗಳಲ್ಲೇ ಮಾರುತ ಹಾರಿದ್ದು, ನನಗೆ ಇದನ್ನ ಯೋಚ್ನೆ ಮಾಡಿದಾಗೆಲ್ಲ ಮೈ ಝುಂ ಅನ್ನುತ್ತೆ. ಶಾಪ್‌ನವರೆಲ್ಲ, ಅಂದ್ರೆ ಫ್ಯಾಕ್ಟರಿಯ ಕೆಲಸದ ವಿಭಾಗದವರೆಲ್ಲ ಹೊರಗೆ ಬಂದು ನಿಂತಿದ್ರಂತೆ. ವಿಮಾನ ನೆಲ ಬಿಟ್ಟಾಗ ಯಾರೂ ಚಪ್ಪಾಳೆ ಹೊಡೀಲಿಲ್ವಂತೆ, ವಾಪಸ್ ಬಂದು ಚಕ್ರ ನೆಲಕ್ಕೆ ತಾಗಿದ ಮೇಲೇ ಸದ್ದು ಬಂದಿದ್ದು. ಏರೋದು ನೋಡಿ ಖುಷಿ ಪಡೋರು ಹೊರಗಿನವರು ಕಣಮ್ಮಾ, ಕಟ್ಟಿದೋರು ಇಳಿಯೋವರೆಗೂ ಉಸಿರು ಬಿಡಲ್ಲ ಅಂತ ಅಪ್ಪ.

ಆ ವಿಮಾನಕ್ಕೆ ಒಂದು ಕೊರಗು ಮೊದಲಿನಿಂದ ಇತ್ತು, ಎಂಜಿನ್ನು. ಟ್ಯಾಂಕ್ ಡಿಸೈನ್ ಮಾಡಿದ್ದು ಇನ್ನೂ ಬಲವಾದ ಆರ್ಫಿಯಸ್ 12 ಅನ್ನೋ ಬ್ರಿಟಿಷ್ ಎಂಜಿನ್ ಬರುತ್ತೆ ಅಂತ ನಂಬ್ಕೊಂಡು. ಆ ಎಂಜಿನ್ ಬೆಳೆಸೋಕೆ ದುಡ್ಡು ಭಾರತ ಕೊಡ್ಬೇಕಾಗಿತ್ತು, ಕೊಡ್ಲಿಲ್ಲ, ಎಂಜಿನ್ ಬರ್ಲಿಲ್ಲ. ಅದಕ್ಕಿಂತ ಕಮ್ಮಿ ಶಕ್ತಿಯ ಆರ್ಫಿಯಸ್ 703 ಎರಡು ಹಾಕಿ ಹಾರಿಸಿದ್ರು. ಬೆಂಗಳೂರು ಬೇರೆ ಎತ್ತರದ ಜಾಗ, ನಮ್ಮ ರನ್‌ವೇ ಸಮುದ್ರಮಟ್ಟದಿಂದ 880 ಮೀಟರ್‌ಗಿಂತ ಮೇಲಿದೆ, ಗಾಳಿ ತೆಳು, ತೆಳು ಗಾಳೀಲಿ ಎಂಜಿನ್ನಿಗೂ ಶಕ್ತಿ ಕಮ್ಮಿ, ರೆಕ್ಕೆಗೂ ಎತ್ತೋ ಬಲ ಕಮ್ಮಿ. ಶಬ್ದದ ಎರಡು ಪಟ್ಟು ವೇಗ ಅಂತ ಕನಸು ಕಂಡ ವಿಮಾನ ಶಬ್ದದ ವೇಗವನ್ನ ಮುಟ್ಟೋ ಹೊತ್ತಿಗೇ ಏದುಸಿರು ಬಿಡ್ತಿತ್ತು. ಮೈಕಟ್ಟು ಎಷ್ಟು ಚೆನ್ನಾಗಿತ್ತೋ ಎದೆಯಲ್ಲಿ ಅಷ್ಟು ದಮ್ ಇರ್ಲಿಲ್ಲ. ಇದನ್ನ ಮುಚ್ಚಿಟ್ಟು ಬರೀ ಹೊಗಳಿದ್ರೆ ಸುರಂಜನ್ ದಾಸ್ ಅವರಿಗೇ ಅವಮಾನ ಅಂತ ನನಗನ್ಸುತ್ತೆ, ಯಾಕಂದ್ರೆ ಅವರ ಕೊನೆಯ ವರ್ಷಗಳು ಹೋಗಿದ್ದೇ ಈ ಕೊರತೆ ತುಂಬೋ ಕೆಲಸದಲ್ಲಿ.

ಮಧ್ಯೆ ಇನ್ನೊಂದು ಹೇಳ್ಬಿಡ್ಬೇಕು, 1964ರ ಸೆಪ್ಟೆಂಬರ್‌ನಲ್ಲಿ ಕಿರಣ್ ಅನ್ನೋ ಜೆಟ್ ಟ್ರೈನರ್ ಮೊದಲ ಸಲ ಹಾರಿದಾಗಲೂ ಒಳಗೆ ಇದ್ದವರು ಇವರೇ. ಯಲಹಂಕದ ಏರ್ ಶೋಗೆ ಮಕ್ಕಳನ್ನ ಹೆಗಲ ಮೇಲೆ ಕೂರಿಸ್ಕೊಂಡು ಹೋಗಿದ್ದೀರಲ್ಲ, ಕೆಂಪು ಬಿಳಿ ಬಣ್ಣದ ಸೂರ್ಯಕಿರಣ್ ಟೀಮು, ಬೀದರ್‌ನವರು, ವರ್ಷಗಟ್ಟಲೆ ಅವರು ಹಾರಿಸಿದ್ದು ಅದೇ ಕಿರಣ್ ವಂಶದ ವಿಮಾನ. ಏರ್‌ಫೋರ್ಸ್‌ನ ಎಷ್ಟು ತಲೆಮಾರಿನ ಪೈಲಟ್‌ಗಳು ಜೆಟ್ ಹಾರ್ಸೋದು ಕಲಿತಿದ್ದೇ ಅದರಲ್ಲಿ.

ಸರಿ, ಎಂಜಿನ್ ವಿಷಯ. ಇಲ್ಲೇ ಪಕ್ಕ ಸಿ.ವಿ. ರಾಮನ್ ನಗರದಲ್ಲಿ ಜೆಟ್ ಎಂಜಿನ್ ಸಂಶೋಧನೆ ಮಾಡೋ ಜಿಟಿಆರ್‌ಇ ಇದೆಯಲ್ಲ, ಅವರು ಆರ್ಫಿಯಸ್‌ಗೆ ರೀಹೀಟ್ ಅಂತ ಒಂದು ಮಾಡಿದ್ರು. ಜೆಟ್ ಎಂಜಿನ್‌ನಿಂದ ಹೊರಗೆ ಬರೋ ಬಿಸಿ ಗಾಳೀಲಿ ಇನ್ನೂ ಉರಿಯೋಷ್ಟು ಆಮ್ಲಜನಕ ಉಳಿದಿರುತ್ತೆ, ಹಿಂದಿನ ಕೊಳವೇಲಿ ಅದಕ್ಕೆ ಮತ್ತೆ ಇಂಧನ ಚಿಮುಕಿಸಿ ಉರಿಸಿದ್ರೆ ನೂಕೋ ಬಲ ಜಾಸ್ತಿ ಆಗುತ್ತೆ. ಒಲೆ ಮೇಲಿನ ಗಾಳೀಲೇ ಇನ್ನೊಂದು ಒಲೆ ಹಚ್ಚಿದ ಹಾಗೆ. ಅದನ್ನ ಕೂರಿಸಿದ ಮಾರುತ್‌ನ ಪರೀಕ್ಷೆ ಮಾಡ್ತಿದ್ದವರು ಸುರಂಜನ್ ದಾಸ್. ಚೀಫ್ ಆದವರು ಹೊಸಬರನ್ನ ಕಳಿಸಬಹುದಿತ್ತಲ್ಲ ಅಂತ ಯಾರಾದ್ರೂ ಕೇಳಬಹುದು. ಅವರೇ ಹೋದ್ರು.

1970ನೇ ಇಸವಿ ಜನವರಿ 10. ಅದೂ ಶನಿವಾರ. ಸಂಕ್ರಾಂತಿಗೆ ನಾಲ್ಕು ದಿನ ಇತ್ತು, ನನಗೆ ಹದಿಮೂರು ನಡೀತಿತ್ತು, ಅಮ್ಮ ನಾನು ಹಾಲ್‌ನಲ್ಲಿ ಚಾಪೆ ಹಾಸ್ಕೊಂಡು ಎಳ್ಳಿಗೆ ಕೊಬ್ಬರಿ ಹೆಚ್ತಾ ಕೂತಿದ್ವಿ, ಹೆಚ್ಚಿದ ಬೆಲ್ಲ ಒಂದು ಮೊರದಲ್ಲಿ, ಕೊಬ್ಬರಿ ಒಂದು ಮೊರದಲ್ಲಿ. ಅಪ್ಪ ಬಂದ್ರು. ಸೈಕಲ್ ಸ್ಟ್ಯಾಂಡ್ ಹಾಕ್ಲಿಲ್ಲ, ಗೋಡೆಗೆ ಒರಗಿಸಿದ್ರು, ಯಾವತ್ತೂ ಹಾಗೆ ಮಾಡ್ತಿರ್ಲಿಲ್ಲ. ಬಚ್ಚಲಿಗೆ ಹೋಗಿ ಕೈ ತೊಳ್ಕೊಂಡ್ರು, ತುಂಬಾ ಹೊತ್ತು ನೀರು ಬಿಡೋ ಸದ್ದು ಕೇಳ್ತಾನೇ ಇತ್ತು. ಹೊರಗೆ ಬಂದು ದಾಸ್ ಸಾಹೇಬ್ರು ಹೋದ್ರು ಅಂದ್ರು. ಅಮ್ಮ ಈಳಿಗೆ ಮಣೆ ಮಡಚಿ ಪಕ್ಕಕ್ಕಿಟ್ರು. ಅಷ್ಟು ಹೊತ್ತಿಗೆ ಬೀದೀಲಿ ಎಲ್ಲ ಮನೆಯವರಿಗೂ ಗೊತ್ತಾಗಿತ್ತು, ಯಾಕಂದ್ರೆ ನಮ್ಮ ಬೀದೀಲಿ ಎಲ್ಲ ಮನೇಲೂ ಒಬ್ಬೊಬ್ಬರು ಎಚ್‌ಎಎಲ್‌ನವರೇ. ಅವತ್ತು ಹೊರಟ ವಿಮಾನ ವಾಪಸ್ ರನ್‌ವೇಗೆ ಬರ್ಲೇ ಇಲ್ಲ. ದಾಸ್ ಅವರಿಗೆ ಇನ್ನೂ ಐವತ್ತು ತುಂಬಿರ್ಲಿಲ್ಲ.

ಆ ರಾತ್ರಿ ಅಪ್ಪ ಊಟ ಮಾಡ್ಲಿಲ್ಲ. ಮಲಗೋ ಮುಂಚೆ ಅಮ್ಮನ ಹತ್ರ ಮೆಲ್ಲಗೆ ಒಂದು ಮಾತು ಕೇಳಿದ್ರು, ನಾನು ನಿದ್ದೆ ಬಂದವಳ ಹಾಗೆ ಮಲಗಿದ್ದೆ, ನಮ್ಮ ಕೈಯಲ್ಲಿ ಏನಾದ್ರೂ ತಪ್ಪಾಗಿರಬಹುದಾ ಅಂತ. ರಿವೆಟ್ ಹೊಡೆಯೋ ಒಬ್ಬ ಮನುಷ್ಯ ತನ್ನನ್ನೇ ಕೇಳ್ಕೊಂಡ ಪ್ರಶ್ನೆ ಅದು. ಅಮ್ಮ ಉತ್ತರ ಕೊಡ್ಲಿಲ್ಲ, ಎದ್ದು ನೀರು ಕೊಟ್ರು. ಶಾಪ್‌ನಲ್ಲಿ ಎಷ್ಟು ಜನ ಅವತ್ತು ರಾತ್ರಿ ಇದೇ ಪ್ರಶ್ನೆ ಕೇಳ್ಕೊಂಡು ಮಲಗಿರ್ತಾರೋ ಅಂತ ನಾನು ದೊಡ್ಡವಳಾದ ಮೇಲೆ ಎಷ್ಟೋ ಸಲ ಅಂದ್ಕೊಂಡಿದೀನಿ. ಕೂತವರ ಹೆಸರು ರೋಡಿಗೆ ಬಂತು, ಬರಲೇಬೇಕಿತ್ತು. ಕಟ್ಟಿದವರಿಗೆ ಆ ಪ್ರಶ್ನೆ ಉಳೀತು.

ಮಾರುತ್ ಆಮೇಲೆ ಏನಾಯ್ತು ಅಂದ್ರೆ, ಮರುವರ್ಷ ಡಿಸೆಂಬರ್‌ನಲ್ಲಿ ಯುದ್ಧ ಬಂತು, 1971. ರಾಜಸ್ಥಾನದ ಕಡೆ ಮಾರುತ್ ಹಾರಿತು, ಉತ್ತರ್‌ಲಾಯಿ, ಜೋಧ್‌ಪುರದಿಂದ, ನೆಲದ ಮಟ್ಟಕ್ಕೆ ಹೋಗಿ ಹೊಡೆದು ಬರೋ ಕೆಲಸ. ಆ ಕೆಳಮಟ್ಟದ ಹಾರಾಟದಲ್ಲಿ ಅದು ಕಂಬದ ಹಾಗೆ ಸ್ಥಿರ ಅಂತ ಹಾರಿಸಿದ ಪೈಲಟ್‌ಗಳು ಇವತ್ತಿಗೂ ಹೊಗಳ್ತಾರೆ. ಕೆಳಗಿನಿಂದ ಗುಂಡು ಬಿದ್ದು ಒಂದು ಎಂಜಿನ್ ಸತ್ತು ಇನ್ನೊಂದರಲ್ಲೇ ಮನೆಗೆ ವಾಪಸ್ ಬಂದ ಮಾರುತ್‌ಗಳಿವೆ, ಪಾಕಿಸ್ತಾನದ ಒಂದು ಸೇಬರ್ ಜೆಟ್ಟನ್ನ ಹೊಡೆದು ಉರುಳಿಸಿದ ಮಾರುತ್ ಕೂಡ ಇದೆ. ಒಂದೊಂದು ಸುದ್ದಿ ಬಂದಾಗಲೂ ಅಪ್ಪ ರೇಡಿಯೋ ಹತ್ರ ಎಡಗಿವಿ ಇಟ್ಕೊಂಡು ಕೂರ್ತಿದ್ರು. ಒಟ್ಟು 147 ಕಟ್ಟಿದ್ರು. 1990ರ ಹೊತ್ತಿಗೆ ಎಲ್ಲ ಸರ್ವಿಸ್‌ನಿಂದ ಹೊರಗೆ ಬಂದ್ವು, ಅದರ ಮುಂದಿನ ತಲೆಮಾರಿನ ವಿಮಾನ ಅಂತ ಒಂದು ಹುಟ್ಟಲೇ ಇಲ್ಲ, ಡಿಸೈನ್ ಮಾಡಿದ ಕೈಗಳು ಚದುರಿ ಹೋದ್ವು, ನನಗೆ ಇದು ಈಗಲೂ ಸಂಕಟ. ಇಲ್ಲೇ ಡಿಸೈನ್ ಮಾಡಿದ ಇನ್ನೊಂದು ಫೈಟರ್ ತೇಜಸ್ ಇದೇ ರನ್‌ವೇಯಿಂದ ಹಾರೋ ಹೊತ್ತಿಗೆ 2001ರ ಜನವರಿ ಬಂತು, ಅಂದ್ರೆ ಮಾರುತ್ ಹಾರಿ ಸುಮಾರು ನಲವತ್ತು ವರ್ಷ, ತೇಜಸ್‌ನ ಎಂಜಿನ್ನೂ ಅಮೆರಿಕದ್ದೇ. ಅವತ್ತು ಎಡವಿದ ಕಲ್ಲಿಗೇ ಇವತ್ತೂ ಎಡವ್ತಿದೀವಿ. ಇಲ್ಲಿ ಕೂತಿರೋ ಮಕ್ಕಳಲ್ಲಿ ಯಾರಾದ್ರೂ ಇಂಜಿನಿಯರಿಂಗ್‌ಗೆ ಹೋದ್ರೆ ಎಂಜಿನ್ ಕಡೆ ಹೋಗಿ ಅಂತ ಟೀಚರ್ ಆಗಿ ಕೈ ಮುಗಿದು ಕೇಳ್ತೀನಿ.

ಇವತ್ತು ಬೆಳಿಗ್ಗೆ ದಾಸ್ ಅವರ ಫೋಟೋಗೆ ಸೇವಂತಿಗೆ ಹಾರ ಹಾಕುವಾಗ ಇಬ್ಬರು ಅಜ್ಜಂದಿರು ಮುಂದೆ ಬಂದು, ನಾನು ಶೀಟ್ ಮೆಟಲ್, ನಾನು ಎಂಜಿನ್ ಡಿವಿಷನ್ ಅಂತ ಹೇಳ್ಕೊಂಡು ಹೂವು ಹಾಕಿದ್ರಲ್ಲ, ಹೆಸರು ಹೇಳ್ಲಿಲ್ಲ, ಶಾಪ್ ಹೆಸರು ಹೇಳಿದ್ರು. ಮುಂದಿನ ವರ್ಷ ಇಂಥವರನ್ನ ಮೊದಲ ಸಾಲಲ್ಲಿ ಕೂರಿಸ್ಬೇಕು, ಕೇಳಿ ಬರ್ಕೋಬೇಕು, ಅವರ ಹತ್ರ ಇರೋದು ಯಾವ ಫೈಲ್‌ನಲ್ಲೂ ಇಲ್ಲ, ಇನ್ನು ಹೆಚ್ಚು ದಿನ ಸಿಗೋದೂ ಇಲ್ಲ.

ಅಪ್ಪ ಹೋಗೋಕೆ ಒಂದು ವರ್ಷ ಮುಂಚೆ ಅವರನ್ನ ಹಳೇ ಏರ್‌ಪೋರ್ಟ್ ರೋಡಿನ ಎಚ್‌ಎಎಲ್ ಮ್ಯೂಸಿಯಂಗೆ ಕರ್ಕೊಂಡು ಹೋಗಿದ್ದೆ. ಹೊರಗೆ ಮರದ ಹತ್ರ ಮಾರುತ್ ನಿಂತಿತ್ತು. ಬೋರ್ಡ್ ಓದ್ಲಿಲ್ಲ, ಕೋಲು ನನ್ನ ಕೈಗೆ ಕೊಟ್ಟು ಹತ್ರ ಹೋಗಿ ಬಗ್ಗಿ ನಿಂತು ಉಗುರು ಎಳೆದ್ರು, ಒಂದು ಸಾಲು, ಆಮೇಲೆ ಅದರ ಪಕ್ಕದ ಸಾಲು. ಇದು ನೀವು ಹೊಡೆದಿದ್ದಾ ಅಂತ ಕೇಳಿದೆ, ಕೇಳಿಸಲಿಲ್ಲ ಅನ್ಸುತ್ತೆ, ಎಡಗಿವಿ ಕಡೆ ಬಂದು ಮತ್ತೆ ಜೋರಾಗಿ ಕೇಳಿದೆ. ಯಾರು ಹೊಡೆದಿದ್ರೇನು, ಎಲ್ಲೂ ತಡೀತಿಲ್ಲ ನೋಡು ಅಂದ್ರು.

ಬರೋ ಭಾನುವಾರ ಬೆಳಿಗ್ಗೆ ಮಕ್ಕಳನ್ನ ಅಲ್ಲಿಗೇ ಕರ್ಕೊಂಡು ಹೋಗ್ತಿದೀವಿ. ಬರೋರು ಒಂಬತ್ತೂವರೆಗೆ ನಮ್ಮ ಬಸ್ ಸ್ಟಾಪ್ ಹತ್ರ ಬಂದ್ಬಿಡಿ, ನೀರಿನ ಬಾಟ್ಲಿ ತನ್ನಿ, ಛತ್ರಿನೂ ತನ್ನಿ.